ಚಿತ್ರಕೃಪೆ: ಶ್ರೀ ವೀರಭದ್ರಸ್ವಾಮಿ

ತಪ್ಪು ನನ್ನದೇ. ವಿಡಿಯೊ ಪ್ರಾಜೆಕ್ಟಿನಲ್ಲಿ ಬೇರೆಯವರ ಫೋಟೊ, ಹಾಡು ಬಳಸಿದರೆ ಕೊನೆಗೆ ‘ಕೃಪೆ’ ಹಾಕಲೇಬೇಕೆಂದು ಜಾವಗಲ್ಲಿನ ನಮ್ಮ ಹೈಸ್ಕೂಲಿನ ಒಂಬತ್ತನೇ ತರಗತಿಗೆ ಗಂಟಲು ಹರಿಯುವಂತೆ ಹೇಳಿದ್ದೆ. ಹಾಗೆಂದರೆ ಏನು ಎಂದು ಮಾತ್ರ ಹೇಳಿರಲಿಲ್ಲ. ಪತ್ರಿಕೆಯಲ್ಲಿ ಫೋಟೊ ಕೆಳಗೆ ನೋಡಿರುತ್ತಾರೆ ಅಂದುಕೊಂಡಿದ್ದೆ. ಪತ್ರಿಕೆ ಓದುವವರು ಯಾರು, ನನ್ನ ತಲೆ! ಮಕ್ಕಳು ಆ ಪದ ನೋಡಿರುವುದು ಆಟೊ ಹಿಂದೆ, ಲಾರಿಯ ನೆತ್ತಿಯ ಮೇಲೆ.

ಹಳೇಬೀಡಿನ ಶಿಲ್ಪಗಳ ಬಗ್ಗೆ ವಿಡಿಯೊ ಮಾಡಿದ ಹುಡುಗಿ ಕೊನೆಯಲ್ಲಿ ಭಕ್ತಿಯಿಂದ ಬರೆದಿದ್ದಳು: ಚಿತ್ರಕೃಪೆ, ಶ್ರೀ ವೀರಭದ್ರಸ್ವಾಮಿ. ಅವಳ ಮನೆದೇವರು. ನಾನೋ ಮಹಾ ಬುದ್ಧಿವಂತೆ, ಕೊನೆತನಕ ನೋಡದೆ ಜಿಲ್ಲಾ ಸ್ಪರ್ಧೆಗೆ ಕಳಿಸಿ, ಶಾಲೆಯ ವಾಟ್ಸಾಪ್ ಗ್ರೂಪಿಗೂ ಹಾಕಿಬಿಟ್ಟೆ.

ವಿಡಿಯೊ ಗ್ರೂಪಿಂದ ಗ್ರೂಪಿಗೆ ಹಾರಿ, ಎರಡೇ ದಿನಕ್ಕೆ ಫೋನ್ ಬಂತು. ಹಳೇಬೀಡಿನ ದೇವಸ್ಥಾನದ ಗೇಟಿನಲ್ಲಿ ಪ್ರವಾಸಿಗರ ಫೋಟೊ ತೆಗೆಯುವವರು. ವಿಡಿಯೊದಲ್ಲಿರುವ ಕುಣಿಯುವ ಗಣಪನ ಫೋಟೊ ತಮ್ಮದು, ಕೇಳದೆ ಹಾಕಿದ್ದೀರಿ, ಸ್ಪರ್ಧೆಯವರಿಗೆ ದೂರು ಕೊಡುತ್ತೇನೆ ಎಂದರು. ಕೊಟ್ಟರೆ ವಿಡಿಯೊ ರದ್ದು. ತರಗತಿಯಲ್ಲಿ ಬಾಯಿಬಿಡದ ಹುಡುಗಿ ಅದರಲ್ಲಿ ನಾಲ್ಕು ನಿಮಿಷ ಒಂದೇ ಸಮನೆ ಮಾತಾಡಿದ್ದಳು. ನನ್ನ ಸೋಮಾರಿತನಕ್ಕೆ ಅದು ಮಣ್ಣುಪಾಲಾಗುತ್ತದಲ್ಲ ಎಂದು ಊಟ ಸೇರಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಅವಳನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ಕೊರಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಅವರು ಗೇಟಿನ ಹತ್ತಿರವೇ ನಿಂತಿದ್ದರು. ಫೋಟೊ ತೆಗೆದಿದ್ದು ವೀರಭದ್ರಸ್ವಾಮಿಯಾ ಎಂದು ಗದರಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ ಹೇಳಿದಳು:

“ಮಿಸ್ಸು ಕೃಪೆ ಹಾಕು ಅಂದ್ರು ಸಾರ್. ನಂಗೆ ಗೊತ್ತಿರೋ ಕೃಪೆ ಅದೊಂದೇ.”

ಅವರು ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. ಆಮೇಲೆ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು ಕಲ್ಲುಕಟ್ಟೆಯ ಮೇಲೆ ಕೂತೇಬಿಟ್ಟರು. ನನಗೆ ಹೋದ ಜೀವ ಬಂದಂತಾಯಿತು. ದೂರಿನ ಮಾತು ಅಲ್ಲಿಗೆ ಮುಗಿಯಿತು. ಒಪ್ಪಿಗೆಯನ್ನು ನನ್ನ ನೋಟ್‌ಬುಕ್ಕಿನಲ್ಲೇ ಬರೆದು ಸಹಿ ಹಾಕಿದರು. ನಿಮ್ಮ ಹೆಸರು ಹೇಳಿ ಸಾರ್, ಸರಿಮಾಡುತ್ತೇನೆ ಎಂದು ಹುಡುಗಿ ಪೆನ್ನು ಹಿಡಿದಳು.

“ನಂದು ಬ್ಯಾಡ ಕಣಮ್ಮ. ತೆಗೆದಿದ್ದು ನಮ್ಮಪ್ಪ. ಎಷ್ಟೋ ಕ್ಯಾಲೆಂಡರ್‌ಗೆ ಹಾಕ್ಕೊಂಡ್ರು, ಒಂದ್ರಲ್ಲೂ ಅವರ ಹೆಸರಿಲ್ಲ.”

ಒಂದೊಂದೇ ಅಕ್ಷರ ಹೇಳಿ ಬರೆಸಿದರು. ತಿದ್ದಿದ ವಿಡಿಯೊವನ್ನು ಸ್ಪರ್ಧೆಯವರು ತಕರಾರಿಲ್ಲದೆ ತೆಗೆದುಕೊಂಡರು. ಹಳೇಬೀಡಿನ ಫೋಟೊದವರಿಗೂ ಒಂದು ಪ್ರತಿ ಕಳಿಸಿದೆ. ಸಂಜೆ ಮತ್ತೆ ಅವರ ಫೋನ್. ಇನ್ನೇನು ತಪ್ಪು ಉಳಿದಿದೆಯೋ ಎಂದುಕೊಂಡೇ ಎತ್ತಿದೆ. ಈ ಸಲ ದನಿ ಮೆತ್ತಗಿತ್ತು.

“ಅಪ್ಪನ ಹೆಸರು ಹಿಂಗೆ ಬಂದು ಹಂಗೆ ಹೋಗ್ಬಿಡ್ತದೆ ಮೇಡಂ. ಒಂಚೂರು ನಿಲ್ಸೋಕಾಯ್ತದಾ?”

ಅವರಿಗೆಂದೇ ಇನ್ನೊಂದು ಪ್ರತಿ ಮಾಡಿದೆವು. ಅದರಲ್ಲಿ ಹೆಸರು ಹತ್ತು ಸೆಕೆಂಡು ನಿಲ್ಲುತ್ತದೆ.