ಮಗ್ಗದ ಕುಣಿಯಲ್ಲಿದ್ದ ಪೋರ್ಟ್ ವೈನ್

ನನ್ನ ಕಾಕಾ ಗೋವಾದ ದೊಡ್ಡ ಹೋಟೆಲೊಂದರಲ್ಲಿ ವೈನ್ ಬಡಿಸುತ್ತಿದ್ದ. ರಜೆಗೆ ಗಜೇಂದ್ರಗಡಕ್ಕೆ ಬಂದಾಗಲೆಲ್ಲ ಗಿರಾಕಿಗಳಿಗೆ ಹೇಳುವ ಮಾತನ್ನು ನಮ್ಮ ಮುಂದೆಯೂ ಒಪ್ಪಿಸುತ್ತಿದ್ದ: ಹಳೆಯ ಪೋರ್ಟ್ ವೈನಿನಲ್ಲಿ ಮೊದಲು ಅಂಜೂರ, ಆಮೇಲೆ ಒಣದ್ರಾಕ್ಷಿ, ಕೊನೆಗೆ ಮೆಣಸಿನ ಘಾಟು. ಅದರ ಒಂದು ಹನಿಯನ್ನೂ ಅವನು ಕುಡಿದಿರಲಿಲ್ಲವೆಂದು ನಮಗೆ ತಿಳಿದದ್ದು ಅವನು ಕೆಲಸ ಬಿಟ್ಟು ಬಂದ ಮೇಲೆ. ಎಲ್ಲ ಮ್ಯಾನೇಜರ್ ಕಲಿಸಿದ ಬಾಯಿಪಾಠವಂತೆ. ಗಿರಾಕಿ ಕುಡಿದಿಟ್ಟ ಗ್ಲಾಸನ್ನು ಮೂಸಿದ್ದಷ್ಟೇ ಅವನ ಪಾಲಿಗೆ ಬಂದದ್ದು. ತಾನು ಹೇಳಿದ್ದು ಖರೆಯೋ ಅಲ್ಲವೋ ಎಂದು ಒಮ್ಮೆಯಾದರೂ ನಾಲಿಗೆಯ ಮೇಲೆ ನೋಡಬೇಕೆಂಬುದೇ ಅವನ ಆಸೆ.

ಅದಕ್ಕೊಂದು ಬಾಟಲಿಯೂ ಇತ್ತು. ಹಿಂದೊಮ್ಮೆ ಪೋರ್ಚುಗಲ್ಲಿನ ಗಿರಾಕಿಯೊಬ್ಬ ಪ್ರೀತಿಯಿಂದ ಕೊಟ್ಟದ್ದು; ಚೆನ್ನಾಗಿ ಹಳತಾಗಲಿ, ಅವಸರ ಮಾಡಬೇಡ ಅಂದಿದ್ದನಂತೆ. ಕತ್ತಲಲ್ಲಿ, ತಂಪಿನಲ್ಲಿ, ಅಲುಗಾಡದಂತೆ ಮಲಗಿಸಿಡಿ ಎಂದು ಕಾಕಾ ಅದನ್ನು ನಮ್ಮ ಅವ್ವನ ಕೈಗೆ ಕೊಟ್ಟು ಹೋಗಿದ್ದ. ಕಳೆದ ಚಳಿಗಾಲದಲ್ಲಿ ಅದನ್ನು ಕೇಳಿದ. ಅವ್ವ ನೆಟ್ಟಗೆ ಮಗ್ಗದ ಕುಣಿಗೆ ಇಳಿದಳು. ನೇಯುವಾಗ ಕಾಲು ಇಳಿಬಿಡುವ ಆ ಗುಂಡಿಯ ಗೋಡೆಯಲ್ಲೊಂದು ಗೂಡಿದೆ. ಬಾಟಲಿ ಅಲ್ಲಿಂದ ಹೊರಬಂತು.

ಅತ್ತಿಗೆಯಾದ ಅವ್ವನನ್ನು ವೈನಿ ಎಂದೇ ಕರೆಯುವ ಕಾಕಾನ ಮುಖ ಬಿಳಚಿಕೊಂಡಿತು. "ಅಲುಗಾಡಬಾರದು ಅಂದಿದ್ನಲ್ರಿ ವೈನಿ! ದಿನಾ ಮಗ್ಗ ಬಡಿಯೂ ಜಾಗಾದಾಗ ಇಟ್ಟೀರಲ್ಲ!"

"ಕತ್ತಲಿ ಅಂದಿ, ತಂಪ ಅಂದಿ. ಈ ಊರಾಗ ಅದಕ್ಕಿಂತ ತಂಪ ಎಲ್ಲೈತಿ? ಸೀರಿ ನೇಯೂದು ಬಿಟ್ಟು ನಿನ್ನ ಬಾಟ್ಲಿ ಕಾಯ್ಕೋತ ಕುಂದ್ರಲೇನು?"

ಅವನು ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿಯಲು ಬಿಟ್ಟ. ಅದು ಇಳಿಯುವ ತನಕ ಅವನಿಗೆ ಊಟ ಸೇರಲಿಲ್ಲ. ಕೆಟ್ಟು ಹುಳಿಯಾಗಿದ್ದರೆ ಇನ್ನೊಂದು ಸಿಗುವ ಮಾತಿಲ್ಲ. ಹೆಂಡತಿಯನ್ನು ಹೆರಿಗೆಗೆ ದವಾಖಾನೆಗೆ ಸೇರಿಸಿದವನ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದ. ನನಗೆ ನಗುವೂ ಬಂತು, ಪಾಪವೂ ಅನ್ನಿಸಿತು.

ಭಾನುವಾರ ಮಧ್ಯಾಹ್ನ ಬೂಚು ತೆಗೆದ. ಅರ್ಧ ಪುಡಿಯಾಗಿ ಬಂತು. ನಮ್ಮಲ್ಲಿ ದೇವಿಗೇ ಹೆಂಡದ ನೈವೇದ್ಯವಿರುವುದರಿಂದ ಮೂಗು ಮುರಿಯುವವರು ಯಾರೂ ಇರಲಿಲ್ಲ. ಸೋಸಲು ಅವನು ಹೊಸ ಬಟ್ಟೆಗೆ ಕೈಹಾಕಿದಾಗ ಅವ್ವ ಕಸಿದುಕೊಂಡಳು. "ಅದರಾಗ ಇನ್ನೂ ಗಂಜಿ ಐತಿ" ಎಂದು ಹಳೆಯ ಧೋತರದ ತುಂಡು ಕೊಟ್ಟಳು. ಸೋಸಿದ ಮೇಲೆ ಕಾಕಾ ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ಓರೆ ಮಾಡಿ ಹಿಡಿದ. ನಡುವೆ ಕಡುಗೆಂಪು, ಅಂಚಿನಲ್ಲಿ ಇಟ್ಟಿಗೆಯ ಬಣ್ಣ.

"ಹಳೇ ಸೀರಿ ಮಡಿಕಿ ಬಿದ್ದಲ್ಲಿ ಹಿಂಗ ಆಕ್ಕೈತಿ," ಅಂದಳು ಅವ್ವ.

"ಹಿಂಗ ಇರಬೇಕ್ರಿ. ವಯಸ್ಸಾಗೇತಿ ಅಂತ ಗುರ್ತು ಅದು."

ಮೂಸಿದ. ಒಂದು ಗುಟುಕು ಬಾಯಿಗೆ ತೆಗೆದುಕೊಂಡು ಕಣ್ಣು ಮುಚ್ಚಿದ. ಅದನ್ನು ನಾಲಿಗೆಯ ಮೇಲೆ ಅತ್ತಿತ್ತ ಹೊರಳಿಸಿದ. ಅಷ್ಟು ದಬಾಯಿಸಿದ್ದ ಅವ್ವನ ದನಿಯೇ ಸಣ್ಣಗಾಗಿತ್ತು.

"ಹ್ಯಾಂಗೈತೋ? ಕೆಟ್ಟೈತೇನು?"

ಕಾಕಾ ಕಣ್ಣು ತೆರೆದ. ತುಂಬಿ ಬಂದಿದ್ದವು.

"ಅಂಜೂರ ಐತ್ರಿ. ದ್ರಾಕ್ಷಿನೂ ಐತಿ. ಮೆಣಸ ಈಗ ಬಂತ ನೋಡ್ರಿ. ಕರದಂಟಿನ ಬೆಲ್ಲಾನೂ ಐತಿ, ಅದನ್ನ ಮ್ಯಾನೇಜರ್ ಹೇಳಿರಲಿಲ್ಲ." ಮತ್ತೊಂದು ಗುಟುಕು ನುಂಗಿ ಮುಖ ತುಂಬ ನಗುತ್ತ ಹೇಳಿದ: "ಅಷ್ಟ ಮಂದಿಗೆ ನಾ ಸುಳ್ಳ ಹೇಳಿಲ್ರಿ ವೈನಿ."