ಷಡ್ಡಕನ ವ್ಯಾನಿಗೆ ಉಣ್ಣೆ ಹೊದಿಸಿದ್ದು

ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದದ್ದು ಹೀಗೆ: ಆ ಜೋಡಿಮನೆಯಲ್ಲಿ ಟಪಾಲಪ್ಪ ಸೀನಿದರೆ ಐಸ್‌ಪೆಟ್ಟಿಗೆಗೆ ನೆಗಡಿ, ಟಪಾಲಪ್ಪ ಹೊಸ ಚಪ್ಪಲಿ ಮೆಟ್ಟಿದರೆ ಐಸ್‌ಪೆಟ್ಟಿಗೆಗೆ ಕಾಲುಳುಕು. ಆಡಿಕೊಂಡದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಇಬ್ಬರೂ ಷಡ್ಡಕರು. ಅಕ್ಕನನ್ನು ಒಬ್ಬ, ತಂಗಿಯನ್ನು ಇನ್ನೊಬ್ಬ ಕಟ್ಟಿಕೊಂಡು, ನಡುವೆ ಒಂದೇ ಗೋಡೆಯಿರುವ ಬಾಡಿಗೆ ಮನೆಗಳಲ್ಲಿ ಹದಿನೆಂಟು ವರ್ಷ ಕಳೆದವರು. ದೊಡ್ಡವನು, ಮೀನು, ಹಾಲು ಸಾಗಿಸುವ ಲಾರಿಗಳಿಗೆ ತಣ್ಣನೆಯ ಪೆಟ್ಟಿಗೆ ಕಟ್ಟುವ ಷೆಡ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದವನು. ಅದಕ್ಕೇ ಐಸ್‌ಪೆಟ್ಟಿಗೆ ಅಂತ ಹೆಸರು ಬಿತ್ತು. ಚಿಕ್ಕವನು ಅಂಚೆ ಕಚೇರಿಯಲ್ಲಿ ಠಸ್ಸೆ ಒತ್ತಿ ಒತ್ತಿ ನಿವೃತ್ತನಾದ ಟಪಾಲಪ್ಪ. ಗೋಡೆಗೆ ಮೊಳೆ ಹೊಡಿ ಅಂದರೆ ಹೆಬ್ಬೆರಳಿಗೆ ಹೊಡೆದುಕೊಳ್ಳುವ ಪೈಕಿ.

ಹೀಗಿರುವಾಗ ಒಂದು ಬೆಳಿಗ್ಗೆ ಟಪಾಲಪ್ಪ ಹಳೆಯ ಸ್ಕೂಲ್ ವ್ಯಾನೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಸೀಟು ಕಿತ್ತು ಹಾಸಿಗೆ, ಒಲೆ, ಕಪಾಟು ಕೂರಿಸುತ್ತಾನಂತೆ. ಮನೆ ಖಾಲಿ ಮಾಡಿ, ಹೆಂಡತಿಯನ್ನು ಕರೆದುಕೊಂಡು, ಬೆಟ್ಟ ಕಡಲು ಅಂತ ವರ್ಷಗಟ್ಟಲೆ ತಿರುಗುತ್ತಾನಂತೆ.

ಐಸ್‌ಪೆಟ್ಟಿಗೆಯ ಹೊಟ್ಟೆಯಲ್ಲಿ ಕೆಂಡ ಬಿತ್ತು. ಲಾರಿಗಳಿಗೆ ಅಂಗಿ ತೊಡಿಸಿದವನು ತಾನು. ಅವು ಊರೂರು ಸುತ್ತಿದವು, ತಾನು ಷೆಡ್ಡು ಬಿಟ್ಟು ಕದಲಲಿಲ್ಲ. ಈಗ ಠಸ್ಸೆಯವನು ಹೊರಟ. ಅದನ್ನಾದರೂ ಹೇಗೋ ನುಂಗಿಕೊಂಡಾನು. ಗಂಟಲಲ್ಲಿ ಸಿಕ್ಕಿಕೊಂಡದ್ದು ಬೇರೆ. ಮನೆಯ ಗೋಡೆಗೆ ಗೋಡೆ ಅಂಟಿಕೊಂಡು ಅಂಥಾ ಕೆಲಸ ಬಲ್ಲವನೊಬ್ಬ ಇದ್ದಾನಲ್ಲ, ಅವನನ್ನು ಒಂದು ಮಾತು ಕೇಳಬೇಕು ಬೇಡವಾ?

ಟಪಾಲಪ್ಪ ಕೇಳಿದ್ದು ಮೊಬೈಲನ್ನು. ಒಳಹೊದಿಕೆ ಇಲ್ಲದಿದ್ದರೆ ತಗಡಿನ ಡಬ್ಬಿ ಬಿಸಿಲಲ್ಲಿ ಕಾದ ಹೆಂಚು, ಚಳಿಯಲ್ಲಿ ಮಂಜಿನ ಗಡ್ಡೆ. ಹಾಗಾಗಿ ಏನು ಹೊದಿಸುವುದು ಅಂತ ವಾರವಿಡೀ ಪಾಠ ಕೇಳಿದ. ಗಾಜಿನ ಉಣ್ಣೆ ಸುಲಭಕ್ಕೆ ಸಿಗುತ್ತದೆ, ಆದರೆ ಅದರ ದೂಳು ಹೆಂಡತಿಯ ಕೆಮ್ಮಿಗೆ ಆಗದು. ಫೋಮಿನ ಹಲಗೆ ಒಳ್ಳೆಯದೇ, ಆದರೆ ವ್ಯಾನಿನ ಬಾಗಿದ ಪಕ್ಕೆಗೆ ಬಗ್ಗದು. ಕೊನೆಗೆ ಕುರಿ ಉಣ್ಣೆಯ ದಪ್ಪ ಸುರುಳಿಗಳು ಬಂದಿಳಿದವು.

“ವ್ಯಾನಿಗೆ ಚಳಿಜ್ವರ ಬಂದಿದೆ, ಕಂಬಳಿ ಹೊದಿಸ್ತಾನೆ,” ಎಂದು ಐಸ್‌ಪೆಟ್ಟಿಗೆ ಹೆಂಡತಿಯ ಮುಂದೆ ನಕ್ಕ.

ಅವಳು ನಗಲಿಲ್ಲ. “ಹೋಗಿ ಹೇಳಿಕೊಡೋಕೆ ಕೈ ತುರಿಸ್ತಿದೆ ನಿಮಗೆ. ಹೋಗ್ರಿ ಅತ್ಲಾಗೆ, ಕಿಟಕಿ ಸರಳು ಸವೆದುಹೋಯ್ತು,” ಎಂದಳು.

ಕರೆಯದೆ ಹೋಗಬಾರದು ಅಂತ ನಾಲ್ಕು ದಿನ ಹಲ್ಲು ಕಚ್ಚಿದ. ಐದನೆಯ ದಿನ ಓಣಿಯವರೆಲ್ಲ ವ್ಯಾನಿನ ಸುತ್ತ ನಿಂತು, ಎಲ್ಲಿ ಬಚ್ಚಿಟ್ಟಿದ್ದೆಯಪ್ಪಾ ಈ ಕೈಚಳಕ ಅಂತ ಟಪಾಲಪ್ಪನನ್ನು ಹೊಗಳುವುದು ಕಿವಿಗೆ ಬಿತ್ತು. ಇನ್ನು ತಡೆಯಲಾಗಲಿಲ್ಲ. ಹೋಗಿ ವ್ಯಾನು ಹತ್ತಿಯೇಬಿಟ್ಟ.

ಟಪಾಲಪ್ಪ ಪಕ್ಕೆಗಳಿಗೆ ಉಣ್ಣೆ ತುಂಬಿ ಮುಗಿಸಿ, ಅದರ ಮೇಲೆ ಬೆಳ್ಳಿ ಬಣ್ಣದ ಹಾಳೆ ಹಿಡಿದು ಅಳೆಯುತ್ತಿದ್ದ. ಅದೇಕೆ ಅಲ್ಲಿ ಅಂತ ಐಸ್‌ಪೆಟ್ಟಿಗೆ ಕೇಳಿದ.

“ನಾವು ಮಲಗೋ ಕಡೆಗೇ ಹಾಳೆ ಬರಬೇಕಂತೆ ಅಣ್ಣ. ಉಸಿರಿನ ಹಬೆ ಉಣ್ಣೆಗೆ ಇಳೀಬಾರದು ಅಂತ ಮೊಬೈಲಲ್ಲಿ ತೋರಿಸಿದ್ರು.”

ಐಸ್‌ಪೆಟ್ಟಿಗೆ ಹೊರಗಿದ್ದವರಿಗೂ ಕೇಳುವಂತೆ ನಕ್ಕ. “ಮೂವತ್ತೊಂದು ವರ್ಷ ಹಾಳೇನ ಹೊರಗಿನ ತಗಡಿಗೇ ಅಂಟಿಸಿದ್ದೀನಿ. ಒಂದು ಮೀನು ಕೆಟ್ಟಿಲ್ಲ. ನಿನ್ನ ಮೊಬೈಲು ಎಷ್ಟು ಲಾರಿ ಕಟ್ಟಿದೆಯಪ್ಪಾ?”

ಓಣಿಯವರೂ ನಕ್ಕರು. ಟಪಾಲಪ್ಪನ ಮುಖ ಸಣ್ಣದಾಯಿತು. ನೀವು ಹೇಳಿದ ಮೇಲೆ ಮುಗಿಯಿತು ಅಂತ, ತುಂಬಿದ್ದ ಉಣ್ಣೆಯನ್ನೆಲ್ಲ ತಾನೇ ಈಚೆಗೆಳೆದ. ಆಮೇಲೆ ಮೂರು ದಿನ ಐಸ್‌ಪೆಟ್ಟಿಗೆ ಹೇಳಿದ, ಟಪಾಲಪ್ಪ ಮಾಡಿದ. ತಗಡಿಗೆ ಹಾಳೆ, ಹಾಳೆಯ ಮೇಲೆ ಉಣ್ಣೆ, ಉಣ್ಣೆಯ ಮೇಲೆ ಪ್ಲೈವುಡ್. ಐಸ್‌ಪೆಟ್ಟಿಗೆಗೆ ಆ ಮೂರು ದಿನ ಸುಖನಿದ್ದೆ.

ವ್ಯಾನು ಹೇಗಾಗಿದೆ ನೋಡೋಣ ಅಂತ ಗಂಡ ಹೆಂಡತಿ ಚಳಿಯ ಬೆಟ್ಟಕ್ಕೆ ಹೋಗಿ ಹತ್ತು ದಿನ ಇದ್ದು ಬಂದರು. ಬಂದವರ ಮುಖದಲ್ಲಿ ಕಳೆಯಿಲ್ಲ. ಹಾಸಿಗೆಯ ಅಂಚೆಲ್ಲ ಒದ್ದೆ, ಮೂಲೆಯಲ್ಲಿ ಬೂಷ್ಟಿನ ನಾತ. ಟಪಾಲಪ್ಪ ಒಂದು ಹಲಗೆ ಬಿಚ್ಚಿದರೆ, ಆಗತಾನೆ ಕೆರೆಯಿಂದೆದ್ದ ಕುರಿಯ ಹಾಗೆ ಉಣ್ಣೆ ತೊಟ್ಟಿಕ್ಕುತ್ತಿತ್ತು. ಕೆಳಗಿನ ಕಬ್ಬಿಣಕ್ಕೆ ಕೆಂಪು ಹತ್ತತೊಡಗಿತ್ತು.

ಓಣಿಯವರು ಮತ್ತೆ ಸೇರಿದರು. ಟಪಾಲಪ್ಪ ತಲೆ ತಗ್ಗಿಸಿ, ಅಣ್ಣ ಸರಿಯಾಗೇ ಹೇಳಿಕೊಟ್ಟಿದ್ದರು, ನಾನೇ ಎಲ್ಲೋ ಕತ್ತರಿಸುವಾಗ ಸಂದು ಬಿಟ್ಟೆ ಅಂದ. ಹೌದೌದು, ಠಸ್ಸೆ ಒತ್ತೋ ಕೈ, ಎಲ್ಲಿ ಬರಬೇಕು ಅಂತ ಎಲ್ಲರೂ ಒಪ್ಪಿದರು.

ಆ ಒದ್ದೆ ಉಣ್ಣೆ ಹಿಂಡುತ್ತ ನಿಂತ ಐಸ್‌ಪೆಟ್ಟಿಗೆಗೆ ಒಂದೇ ಏಟಿಗೆ ಹೊಳೆಯಿತು. ತನ್ನ ಪೆಟ್ಟಿಗೆಗಳಲ್ಲಿ ತಣ್ಣಗಿರುವುದು ಒಳಗೆ. ಹಸಿಗಾಳಿ ನುಗ್ಗುವುದು ಹೊರಗಿನಿಂದ. ಅದಕ್ಕೇ ಹಾಳೆ ಹೊರಮೈಗೆ. ಇಲ್ಲಿ ಎಲ್ಲ ತಿರುಗುಮುರುಗು. ಇಬ್ಬರ ಉಸಿರು, ಕುದಿಯುವ ಪಾತ್ರೆಯ ಹಬೆ ಎಲ್ಲ ಒಳಗೇ ಹುಟ್ಟಿ, ಉಣ್ಣೆ ದಾಟಿ, ತಗಡಿಗಂಟಿದ ತಣ್ಣನೆ ಹಾಳೆಗೆ ಬಡಿದು ನೀರಾಗಿದೆ. ಮೀನು ಉಸಿರಾಡುವುದಿಲ್ಲ, ಮನುಷ್ಯ ಉಸಿರಾಡುತ್ತಾನೆ. ಇಷ್ಟು ತಿಳಿಯಲಿಲ್ಲ ತನಗೆ. ಮೊಬೈಲಿಗೆ ತಿಳಿದಿತ್ತು.

ಬಾಯಿ ಮುಚ್ಚಿಕೊಂಡು ಮನೆಗೆ ಬಂದ.

ಸಂಜೆ ಗೋಡೆಯಾಚೆ ಮಾತು ಕೇಳಿಸಿತು. ವ್ಯಾನು ಮಾರಿಬಿಡೋಣ, ನಮ್ಮ ಕೈಲಾಗುವ ಕೆಲಸವಲ್ಲ ಅಂತ ಟಪಾಲಪ್ಪನ ಹೆಂಡತಿ ಅನ್ನುತ್ತಿದ್ದಳು. ಹೂಂ, ಅಣ್ಣನ ಹೆಸರಿಗೂ ಮಸಿ ಬಳಿದೆ ಅಂತ ಟಪಾಲಪ್ಪನ ದನಿ. ತನ್ನೆರಡು ಕಣ್ಣು ಹೋದರೂ ಸರಿ, ನೆರೆಯವನ ಒಂದು ಕಣ್ಣು ಹೋಗಲಿ ಅಂತಾರಲ್ಲ, ಇಲ್ಲಿ ತನ್ನದೊಂದು ರೆಪ್ಪೆಯೂ ಕೊಂಕದೆ ಅವನ ಕಣ್ಣು ಹೋಗಿತ್ತು. ಟಪಾಲಪ್ಪ ಎಲ್ಲೂ ಹೋಗುವುದಿಲ್ಲ. ಬೇಡಿದ್ದೂ ಅದೇ, ಸಿಕ್ಕಿದ್ದೂ ಅದೇ. ಈಗ ಸಂತೋಷವಾಗುತ್ತದೆ ಅಂತ ಐಸ್‌ಪೆಟ್ಟಿಗೆ ಕಾದು ಕೂತ. ಊಟವಾಯಿತು, ಸಂತೋಷವಾಗಲಿಲ್ಲ. ಗೆದ್ದದ್ದು ತನ್ನ ಕೆಲಸವಲ್ಲ, ಬಾಯಿ ಮುಚ್ಚಿಕೊಂಡು ಆಡಿದ ಸುಳ್ಳು. ಸುಳ್ಳನ್ನು ಯಾರ ಮುಂದೆ ಹೇಳಿಕೊಂಡು ಮೆರೆಯುವುದು?

ಬೆಳಿಗ್ಗೆ ವ್ಯಾನು ಕೊಳ್ಳುವವನೊಬ್ಬ ಬಂದು ಟೈರು ಒದ್ದು ನೋಡುತ್ತಿದ್ದ. ಓಣಿಯವರೂ ಇದ್ದರು. ಐಸ್‌ಪೆಟ್ಟಿಗೆ ನಡುವೆ ಬಂದು ನಿಂತ.

“ತಪ್ಪು ಇವನ ಕೈಯದ್ದಲ್ಲ, ನನ್ನ ಬಾಯದ್ದು. ಇವನು ಹೇಳಿದ ಕಡೆಗೇ ಹಾಳೆ ಹಾಕಬೇಕಿತ್ತು. ಹೊಟ್ಟೆಕಿಚ್ಚಿಗೆ ಕಣ್ಣು ಕಾಣಲಿಲ್ಲ ನನಗೆ. ವ್ಯಾನು ಮಾರೋದಿಲ್ಲ ಸ್ವಾಮಿ, ಕೊಳ್ಳೋಕೆ ಬಂದ ನೀವು ಹೊರಡಿ.”

ಮೂವತ್ತೊಂದು ವರ್ಷ, ಪಾಪ, ಅಂತ ಯಾರೋ ಅಂದರು. ನಗು ಓಣಿಯ ಆ ತುದಿಯವರೆಗೆ ಹೋಯಿತು. ಐಸ್‌ಪೆಟ್ಟಿಗೆ ಅಲ್ಲಾಡದೆ ನಿಂತು ಕೇಳಿಸಿಕೊಂಡ.

ಟಪಾಲಪ್ಪ ನಗಲಿಲ್ಲ. ಒದ್ದೆ ಉಣ್ಣೆಯ ಒಂದು ತುದಿ ಐಸ್‌ಪೆಟ್ಟಿಗೆಯ ಕೈಗೆ ಕೊಟ್ಟು, “ಆ ಕಡೆ ಹಿಡೀರಿ ಅಣ್ಣ, ಬಿಸಿಲಿರುವಾಗಲೇ ಒಣಗಿಸೋಣ,” ಎಂದ. ನಾಲ್ಕು ಬೈಗುಳ ಬೈದಿದ್ದರೆ ಚೆನ್ನಾಗಿತ್ತು. ಇಂಥಾ ದೊಡ್ಡ ಮನಸ್ಸೂ ಇವನಿಗೇ ಬರಬೇಕಾ ಅಂತ ಐಸ್‌ಪೆಟ್ಟಿಗೆಗೆ ಅದಕ್ಕೂ ಹೊಟ್ಟೆ ಉರಿಯಿತು.

ತುಕ್ಕು ಉಜ್ಜಿ, ಬಣ್ಣ ಬಳಿದು, ಒಣಗಿದ ಉಣ್ಣೆ ತುಂಬಿ, ಹಾಳೆಯನ್ನು ಒಳಮೈಗೆ ಎಳೆದು ಸಂದುಸಂದಿಗೂ ಟೇಪು ಒತ್ತಿದರು. ಹಬೆ ಹೊರಗೆ ಹೋಗಲಿ ಅಂತ ಚಾವಣಿಗೊಂದು ಸಣ್ಣ ಫ್ಯಾನೂ ಕೂರಿಸಿದರು. ಮತ್ತೆ ಬೆಟ್ಟಕ್ಕೆ ಹೋಗಿ ಬಂದಾಗ ಉಣ್ಣೆ ಬೆಚ್ಚಗೆ, ಗರಿಗರಿಯಾಗಿತ್ತು.

ಹೊರಡುವ ದಿನ ಅಕ್ಕತಂಗಿಯರು ವ್ಯಾನಿನ ಬಳಿ ಅಪ್ಪಿಕೊಂಡು ಅಳುತ್ತಿದ್ದರು. ಖಾಲಿ ಮನೆಯಲ್ಲಿ ಕಿಟಕಿ ಭದ್ರಪಡಿಸಲು ಐಸ್‌ಪೆಟ್ಟಿಗೆ ಒಬ್ಬನೇ ಒಳಗೆ ಹೋದ. ಮಂಚವಿದ್ದ ಕಡೆ ನೆಲ ಹೊಸದರಂತೆ ಹೊಳೆಯುತ್ತಿತ್ತು. ಅದನ್ನು ನೋಡುತ್ತ ಬಹಳ ಹೊತ್ತು ನಿಂತ.

“ಅಣ್ಣಾ, ರಿವರ್ಸ್ ತಗೋತೀನಿ, ಸ್ವಲ್ಪ ಹಿಂದೆ ನೋಡಿ ಹೇಳ್ತೀರಾ?” ಟಪಾಲಪ್ಪ ಹೊರಗಿನಿಂದ ಕೂಗಿದ.

ಷಡ್ಡಕನ ಮನೆಯಿಂದ ಐಸ್‌ಪೆಟ್ಟಿಗೆ ಹೊರಬಿದ್ದದ್ದು ಅದೇ ಕೊನೆ. ಬೀಗ ಹಾಕಿ ಎರಡು ಸಲ ಎಳೆದು ನೋಡಿದ. ಹೊರಟೇಬಿಟ್ಟನಲ್ಲ ಹಾಳಾದವನು ಅಂತ ಒಳಗೊಳಗೇ ಬೈಯುತ್ತ, ಮೆಟ್ಟಿಲಿಳಿದು ವ್ಯಾನಿನ ಹಿಂದೆ ಹೋಗಿ, ಎರಡೂ ಕೈ ಎತ್ತಿ ಬರಲಿ, ಬರಲಿ ಅನ್ನುತ್ತ ರಸ್ತೆಗಿಳಿದ.