ಆರು ಈಜುಡುಗೆಗಳನ್ನು ಕಾಯ್ದ ಆಯಿ

ಆಯಿಯ ಎರಡೂ ತೋರುಬೆರಳುಗಳ ಮೇಲೆ ಬಲೆಯ ದಾರ ಕೊರೆದ ಗೆರೆಗಳಿದ್ದವು. ಆ ಬೆರಳುಗಳು ಒದ್ದೆ ಬಟ್ಟೆಯನ್ನು ಎಂದೂ ಹಿಂಡುತ್ತಿರಲಿಲ್ಲ. ಹಳೆಯ ಟವೆಲಿನಲ್ಲಿ ಸುತ್ತಿ, ಮೆಲ್ಲಗೆ ಒತ್ತಿ ನೀರು ತೆಗೆಯುತ್ತಿದ್ದವು. ಯಾದಗಿರಿಯ ಖಾಸಗಿ ಈಜುಕೊಳವೊಂದರಲ್ಲಿ ಹೆಣ್ಣುಮಕ್ಕಳ ಸರದಿಯನ್ನು ನೋಡಿಕೊಳ್ಳುವ ಗುತ್ತಿಗೆ ಕೆಲಸ ಅವರದು. ಭೀಮಾ ದಂಡೆಯ ಮೀನುಗಾರರ ಮನೆಯವರು. ಅಜ್ಜಿಯ ವಯಸ್ಸಿನ ಅವರನ್ನು ಹುಡುಗಿಯರಂತೆ ನಾನೂ ಆಯಿ ಎಂದೇ ಕರೆಯುತ್ತಿದ್ದೆ.

ನದಿಗಳಿರುವ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗೆ ಈಜು ಕಲಿಸದಿರುವುದು ಅನ್ಯಾಯ. ಕೊಳದಲ್ಲಿ ಗಂಡಸರಿಗೆ ತಂಪು ಹೊತ್ತನ್ನು ಕೊಟ್ಟು, ಇವರಿಗೆ ಉರಿಬಿಸಿಲಿನ ಮಧ್ಯಾಹ್ನವನ್ನು ಉಳಿಸಿದ್ದು ಇನ್ನೊಂದು ಅನ್ಯಾಯ. ಹೀಗೆಂದು ಊರೂರಲ್ಲಿ ಮಾತಾಡಿ, ದೇಣಿಗೆ ಎತ್ತಿ, ಆರು ಈಜುಡುಗೆಗಳನ್ನು ತಂದಿದ್ದೆ. ಶಹಾಪುರ, ಸುರಪುರಗಳಿಂದ ಬರುವವರೂ ಸೇರಿ ಎಲ್ಲ ಹುಡುಗಿಯರೂ ಅವನ್ನೇ ಹಂಚಿಕೊಂಡು ತೊಡಬೇಕಿತ್ತು. ಅವು ಹಾಳಾದರೆ ಈಜೂ ನಿಂತಂತೆ. ಆಯಿಗೆ ಇದು ನನಗಿಂತ ಚೆನ್ನಾಗಿ ತಿಳಿದಿತ್ತು. ಹುಡುಗಿಯರು ಮೇಲೆ ಬಂದ ಕೂಡಲೇ ಉಡುಗೆಗಳನ್ನು ತಣ್ಣೀರಿನಲ್ಲಿ ಎರಡು ಸಲ ಜಾಲಿಸಿ, ಕೊಳದ ಔಷಧದ ವಾಸನೆ ಹೋಯಿತೇ ಎಂದು ಮೂಸಿ ನೋಡುತ್ತಿದ್ದರು. ಸೋಪಿನ ಪುಡಿ ಮುಟ್ಟಿಸುತ್ತಿರಲಿಲ್ಲ. ಆಮೇಲೆ ಸಾಮಾನಿನ ಕೋಣೆಯ ಹಿಂದೆ, ಚಾಪೆಯ ಮೇಲೆ ಹರವುತ್ತಿದ್ದರು.

ಆ ಹಿಂದಿನ ಜಾಗವೇ ನನ್ನನ್ನು ಕೆರಳಿಸಿತು. ಹುಡುಗರ ಚಡ್ಡಿಗಳು ರಸ್ತೆಗೆ ಕಾಣುವ ಕಟ್ಟೆಯ ಮೇಲೆ ಒಣಗುವಾಗ ಹುಡುಗಿಯರ ಉಡುಗೆಯೇಕೆ ಮರೆಯಲ್ಲಿ?

“ಹೆಣ್ಣುಮಕ್ಕಳ ಬಟ್ಟೆ ಮುಚ್ಚಿಡೋದು ಅವರಿಗೆ ಮಾಡೋ ಅವಮಾನ, ಆಯಿ,” ಎಂದೆ.

“ಮುಚ್ಚಿಟ್ಟಿಲ್ರಿ ಅಕ್ಕೋರ, ನೆರಳಿಗಿ ಹಾಕೀನಿ. ಮೀನ ಹಿಡಿಯೋ ಬಲಿನೂ ಹಿಂಗ ಒಣಗಸ್ತೀವಿ ನಾವು. ಬಿಸಲಿಗಿ ಎಳಿ ಸಾಯ್ತದ. ನೆರಳಂದ್ರ ನಾಚಿಕಿ ಅಂತ ನಿಮಗ ಯಾರು ಕಲಿಸ್ಯಾರ?”

ನಗುತ್ತಲೇ ಹೇಳಿದ್ದರು. ನಾನು ನಗಲಿಲ್ಲ. ಮರುದಿನ ರಸ್ತೆ ಕಡೆಯ ಕಂಬಗಳಿಗೆ ನಾನೇ ಹಗ್ಗ ಕಟ್ಟಿ, ಆರನ್ನೂ ಬಿಸಿಲಿಗೆ ಹಾಕಿಸಿದೆ. ಅವುಗಳೆದುರು ನಿಂತು ಭಾಷಣವನ್ನೂ ಮಾಡಿದೆ. ಆಯಿ ಒಂದೆರಡು ಸಲ ತೆಗೆದು ಒಳಗೆ ಒಯ್ದಾಗ ಗದರಿದೆ.

ಒಂದೇ ಬೇಸಿಗೆಗೆ ಬಟ್ಟೆ ಜಾಳುಜಾಳಾಗಿ, ಎಲಾಸ್ಟಿಕ್ ಸತ್ವ ಕಳೆದುಕೊಂಡಿತು. ಶಹಾಪುರದ ಹುಡುಗಿಯೊಬ್ಬಳು ಮೆಟ್ಟಿಲೇರುವಾಗ ಹೆಗಲಿನ ಪಟ್ಟಿ ಕಿತ್ತುಬಂತು. ಕಟ್ಟೆಯ ಮೇಲೆ ತಮ್ಮ ಸರದಿಗೆ ಕಾಯುತ್ತಿದ್ದ ಗಂಡಸರಿದ್ದರು. ಆಯಿ ಓಡಿಹೋಗಿ ತಮ್ಮ ಸೆರಗು ಹೊದಿಸಿದರು. ಮರುದಿನದಿಂದ ಆ ಹುಡುಗಿ ಬರಲಿಲ್ಲ. ಉಳಿದ ಐದೂ ತೊಡುವಂತಿರಲಿಲ್ಲ. ಹೆಣ್ಣುಮಕ್ಕಳ ಈಜು ನಿಂತಿತು.

ಬಟ್ಟೆ ಹಾಳುಮಾಡಿದವರು ಯಾರೆಂದು ಕೊಳದ ವ್ಯವಸ್ಥಾಪಕರು ಕೇಳಿದರು. “ಹಗ್ಗ ಯಾರು ಕಟ್ಯಾರ, ಅಕ್ಕೋರಿಗಿ ಗೊತ್ತದರಿ,” ಎಂದು ಆಯಿ ನನ್ನತ್ತ ನೋಡಿದರು. ದೇಣಿಗೆ ಕೊಟ್ಟವರ ಮುಂದೆ ನನ್ನ ಹೆಸರು ಕೆಡುತ್ತದೆಂದು ನಾನು ನೆಲ ನೋಡಿದೆ. ತಪ್ಪು ಆಯಿಯ ಮೇಲೆ ಬಿದ್ದು, ಅವರ ಕೆಲಸ ಹೋಯಿತು. ಅದೇ ವಾರ ಸುರಪುರದಲ್ಲಿ ನಾನು ಗುತ್ತಿಗೆ ಕಾರ್ಮಿಕರಿಗಾಗುವ ಅನ್ಯಾಯದ ಬಗ್ಗೆ ಮಾತಾಡಿದ್ದೆ.

ತಿಂಗಳುಗಳ ನಂತರ ಆಯಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. “ಆ ಹುಡುಗಿ ಮತ್ತ ನೀರಿಗಿ ಇಳಿದಾಳೇನ್ರಿ?” ಎಂದರು. ಇಲ್ಲವೆಂದೆ. “ಹಂಗಾರ ನನಗ್ಯಾಕ ಹೇಳ್ತೀರಿ? ಅಕಿಗಿ ಹೋಗಿ ಹೇಳ್ರಿ.”

ಅದಕ್ಕೂ ತಡಮಾಡಿದೆ. ಮುಂದಿನ ಮಳೆಗಾಲದಲ್ಲಿ ಆಯಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮೇಲೆ ಶಹಾಪುರದ ಬಸ್ಸು ಹತ್ತಿದೆ. ಹುಡುಗಿಯ ತಾಯಿ ಬಾಗಿಲಲ್ಲೇ ನಿಂತು, ನಾನು ಹಗ್ಗ ಕಟ್ಟಿದ್ದರಿಂದ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡು, “ಆ ಮುದುಕಿ ಇದ್ದಾಗ ಯಾಕ ಹೇಳಲಿಲ್ರಿ?” ಎಂದರು. ಒಳಗಿನಿಂದ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

“ಅಂಜಿದೆ,” ಎಂದೆ. ಆಯಿ ನನ್ನತ್ತ ನೋಡಿದ ದಿನವೇ ಆಡಬೇಕಿದ್ದ ಮಾತು ಅದು.